ಬೆಂಗ್ಳೂರಲ್ಲಿ ರಾತ್ರಿಯೆಲ್ಲ ಕೆಮ್ಮು, ಅಜ್ಜಿ ಊರಿಗೆ ಹೋದ್ರೆ ಇಲ್ಲ: ಮನೆಯಲ್ಲೇ ಏನಾದ್ರೂ ಇದ್ಯಾ ಡಾಕ್ಟ್ರೇ?

ಪ್ರಶ್ನೆ: ನನ್ನ ಮಗನಿಗೆ ಆರು ವರ್ಷ. ನಾವು ಚಳ್ಳಕೆರೆ ಕಡೆಯವ್ರು, ಮೂರು ವರ್ಷದಿಂದ ಬೆಂಗ್ಳೂರಲ್ಲಿ ಗ್ರೌಂಡ್ ಫ್ಲೋರ್ ಬಾಡಿಗೆ ಮನೇಲಿದೀವಿ. ಇಲ್ಲಿಗೆ ಬಂದ್ಮೇಲೆ ರಾತ್ರಿ ಎರಡು ಮೂರು ಗಂಟೆಗೆ ಕೆಮ್ಮು ಶುರುವಾಗಿ ಎದೆ ಸುಯ್ ಅನ್ನುತ್ತೆ, ಬೆಳಿಗ್ಗೆ ಎದ್ದ ತಕ್ಷಣ ಸಾಲಾಗಿ ಸೀನು. ಅಸ್ತಮಾ ಅಂತ ಹೇಳಿ ದಿನಾ ತಗೊಳೋ ಇನ್ಹೇಲರ್ ಕೊಟ್ಟಿದಾರೆ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದ್ರೆ ತಿಂಗ್ಳುಗಟ್ಲೆ ಕೆಮ್ಮೇ ಇರಲ್ಲ. ಅವನು ಮಲಗೋ ರೂಮಿನ ಗೋಡೆ ಒಂದು ಕಡೆ ಒದ್ದೆ ಹಿಡಿದು ಕಪ್ಪಾಗಿದೆ, ರಾತ್ರಿ ಸೊಳ್ಳೆ ಕಾಯಿಲ್ ಹಚ್ತೀವಿ. ಏರ್ ಪ್ಯೂರಿಫೈಯರ್ ತಗೋಬೇಕಾ? ಮನೆ ಬದಲಾಯಿಸ್ಬೇಕಾ? ಮನೆ ಸರಿ ಮಾಡಿದ್ರೆ ಇನ್ಹೇಲರ್ ನಿಲ್ಲಿಸ್ಬೋದಾ? ನಾನು ದಿನಾ ಎರಡು ಸಲ ಗುಡಿಸಿ ಒರೆಸ್ತೀನಿ, ಆದ್ರೂ ಹೀಗಾಯ್ತಲ್ಲ ಅಂತ ತುಂಬಾ ಬೇಜಾರಾಗುತ್ತೆ.

ಉತ್ತರ: ಆ ಕೊನೇ ಮಾತಿಂದಾನೇ ಶುರು ಮಾಡ್ತೀನಿ. ನಿಮ್ಮ ಮಗನಿಗೆ ಅಸ್ತಮಾ ಬಂದಿರೋದು ನೀವು ಮನೆ ಸರಿಯಾಗಿ ಇಟ್ಕೊಳ್ಳಲಿಲ್ಲ ಅಂತ ಅಲ್ಲಮ್ಮ. ಇಪ್ಪತ್ತು ವರ್ಷದಿಂದ ಮಕ್ಕಳನ್ನ ನೋಡ್ತಿದೀನಿ, ಈ ಮಾತು ಹೇಳಿ ಕಣ್ಣೀರು ಹಾಕದ ತಾಯಂದಿರು ಕಮ್ಮಿ. ಅಲರ್ಜಿಯ ಗುಣ ಸಾಮಾನ್ಯವಾಗಿ ಮನೆತನದಲ್ಲಿ ಬರುತ್ತೆ, ಅಪ್ಪನಿಗೆ ಬೆಳಿಗ್ಗೆ ಸೀನು, ಸೋದರಮಾವನಿಗೆ ಧೂಳು ಆಗಲ್ಲ, ದೊಡ್ಡಮ್ಮನಿಗೆ ದಮ್ಮು, ಹೀಗೆ ಎಲ್ಲೋ ಒಂದ್ಕಡೆ ಇದ್ದೇ ಇರುತ್ತೆ. ಮಗು ಆ ಗುಣ ಹೊತ್ಕೊಂಡು ಹುಟ್ಟಿರುತ್ತೆ, ಆಮೇಲೆ ಉಸಿರಾಡೋ ಗಾಳೀಲಿ ಏನಿದೆ ಅನ್ನೋದು ಅದನ್ನ ಕೆರಳಿಸುತ್ತೆ. ನೀವು ದಿನಕ್ಕೆ ಎರಡು ಸಲ ಗುಡಿಸ್ತೀರಲ್ಲ, ಆ ಪೊರಕೆ ಬಗ್ಗೆ ಆಮೇಲೆ ಹೇಳ್ತೀನಿ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದ ಮಾತು ಅಂದ್ರೆ ಚಳ್ಳಕೆರೆಗೆ ಹೋದ್ರೆ ಕೆಮ್ಮು ಇರಲ್ಲ ಅನ್ನೋದು. ಇದ್ರಲ್ಲಿ ಸ್ವಲ್ಪ ಪಾಲು ರಜೆಯದ್ದು, ಯಾಕಂದ್ರೆ ಮಕ್ಕಳ ಅಸ್ತಮಾ ಅಟ್ಯಾಕ್‌ಗೆ ಅತಿ ದೊಡ್ಡ ಕಾರಣ ನೆಗಡಿ ವೈರಸ್, ಏಪ್ರಿಲ್ ಮೇಲಿ ಸ್ಕೂಲ್ ಇರಲ್ಲ ನೆಗಡಿ ಹಂಚಿಕೊಳ್ಳೋರೂ ಇರಲ್ಲ, ಜೂನಲ್ಲಿ ಸ್ಕೂಲ್ ಶುರುವಾಯ್ತು ಅಂದ್ರೆ ನಮ್ಮ ಕ್ಲಿನಿಕ್ಕಿನ ಬೆಂಚು ತುಂಬುತ್ತೆ. ಆದ್ರೆ ಅಷ್ಟೇ ಅಲ್ಲ. ಚಳ್ಳಕೆರೆ ಒಣ ಊರು, ಬೇಸಿಗೆಯಲ್ಲಂತೂ ಗಾಳೀಲಿ ತೇವಾನೇ ಇರಲ್ಲ. ಅಜ್ಜಿ ಮನೇಲಿ ಬಹುಶಃ ಚಾಪೆ ಮೇಲೋ ಅಂಗಳದಲ್ಲೋ ಮಲಗ್ತಾನೆ. ಬೆಂಗ್ಳೂರಲ್ಲಿ ಒದ್ದೆ ಗೋಡೆ ಪಕ್ಕ, ದಪ್ಪ ಹಾಸಿಗೆ ಮೇಲೆ, ಕಿಟಕಿ ಮುಚ್ಚಿ, ಕಾಯಿಲ್ ಹಚ್ಚಿ ಮಲಗ್ತಾನೆ. ಎರಡೂ ಗಾಳಿ ಒಂದೇ ಅಲ್ಲ.

ಹಾಸಿಗೆ ವಿಷ್ಯಕ್ಕೆ ಬರೋಣ, ಇದನ್ನ ಸ್ವಲ್ಪ ಉದ್ದ ಹೇಳ್ಬೇಕು. ತೆಂಗಿಗೆ ನುಸಿ ಬರುತ್ತಲ್ಲ, ಕಾಯಿ ಮೇಲೆ ಕಂದು ಕಲೆ ಬಿಟ್ಟು ಸೊರಗಿಸುತ್ತಲ್ಲ, ಅದೇ ಜಾತಿಯ ದೂರದ ನೆಂಟ ಒಂದು ನಮ್ಮ ಹಾಸಿಗೆಲೂ ಇರುತ್ತೆ, ಧೂಳಿನ ನುಸಿ ಅಂತಾರೆ, ಡಸ್ಟ್ ಮೈಟ್ ಅಂತ ರಿಪೋರ್ಟಲ್ಲಿ ನೋಡಿರ್ತೀರಿ. ಉದ್ದ ಒಂದು ಮಿಲಿಮೀಟರಿನ ಮೂರ್ನೇ ಒಂದು ಭಾಗದಷ್ಟೂ ಇಲ್ಲ, ಹಾಗಾಗಿ ಕಣ್ಣಿಗೆ ಕಾಣಲ್ಲ. ಕಚ್ಚಲ್ಲ, ರಕ್ತ ಕುಡಿಯಲ್ಲ, ತಿಗಣೆ ಥರ ಅಲ್ಲವೇ ಅಲ್ಲ, ನಮ್ಮ ಮೈಯಿಂದ ಉದುರೋ ಚರ್ಮದ ಹೊಟ್ಟು ತಿಂದ್ಕೊಂಡು ಬದುಕುತ್ತೆ. ಇದಕ್ಕೆ ನೀರು ಕುಡಿಯಕ್ಕೆ ಬರಲ್ಲ, ಗಾಳಿಯ ತೇವಾನ ಮೈಯಿಂದಲೇ ಹೀರ್ಕೊಳ್ಳುತ್ತೆ. ಗಾಳಿಯ ತೇವಾಂಶ ಶೇಕಡಾ 70-80 ಇದ್ರೆ ಇದಕ್ಕೆ ಹಬ್ಬ, 50ಕ್ಕಿಂತ ಕೆಳಗೆ ಬಹಳ ದಿನ ಇದ್ರೆ ಒಣಗಿ ಸಾಯುತ್ತೆ. ಸ್ವಿಟ್ಜರ್ಲೆಂಡಿನ ದಾವೋಸ್ ಅನ್ನೋ ಬೆಟ್ಟದೂರಿಗೆ ಯೂರೋಪಿನವ್ರು ಅಸ್ತಮಾ ಮಕ್ಕಳನ್ನ ಕಳಿಸ್ತಿದ್ರು, ಅಲ್ಲಿ ಆರಾಮಾಗೋದಕ್ಕೆ ಒಂದು ಮುಖ್ಯ ಕಾರಣ ಆ ಎತ್ತರದ ಒಣ ಗಾಳೀಲಿ ಈ ನುಸಿ ಬದುಕೋದು ಕಷ್ಟ ಅನ್ನೋದು. ನಿಮ್ಮ ಮಗನಿಗೆ ಚಳ್ಳಕೆರೆಯೇ ದಾವೋಸ್ ಆಗಿದೆ.

ಕಾಟ ಕೊಡೋದು ಮುಖ್ಯವಾಗಿ ನುಸಿಯ ಹಿಕ್ಕೆ. ಅದ್ರಲ್ಲಿ ಜೀರ್ಣಕ್ಕೆ ಬಳಸೋ ಒಂದು ಪ್ರೋಟೀನ್ ಇರುತ್ತೆ, ಅದು ಶ್ವಾಸನಾಳದ ಒಳಪದರದ ಜೀವಕೋಶಗಳ ನಡುವಿನ ಬೆಸುಗೆಯನ್ನೇ ಸಡಿಲ ಮಾಡಿ ಒಳಗೆ ಇಳಿಯುತ್ತೆ, ಅಲರ್ಜಿ ಗುಣ ಇರೋ ಮಗುವಿನ ಮೈ ಅದನ್ನ ವೈರಿ ಅಂತ ತಿಳ್ಕೊಂಡು ಊತ ತರಿಸುತ್ತೆ, ಲೋಳೆ ತುಂಬುತ್ತೆ, ನಾಳ ಕಿರಿದಾಗುತ್ತೆ. 1964ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ವೂರ್‌ಹೋರ್ಸ್ಟ್ ಮತ್ತು ಸ್ಪೀಕ್ಸ್‌ಮಾ ಅನ್ನೋರು ಮನೆ ಧೂಳಿನ ಅಲರ್ಜಿಗೆ ಈ ನುಸಿ ಕಾರಣ ಅಂತ ತೋರಿಸಿದ್ರು, ಒದ್ದೆ ಮನೆಗಳ ಧೂಳಲ್ಲಿ ಇದು ಜಾಸ್ತಿ ಅನ್ನೋದೂ ಆಗ್ಲೇ ಗೊತ್ತಾಯ್ತು. ಮಗು ದಿನಕ್ಕೆ ಒಂಬತ್ತು ಗಂಟೆ ಮೂಗನ್ನ ದಿಂಬಿಗೆ ಒತ್ತಿ ಉಸಿರಾಡುತ್ತೆ, ಹಾಲ್‌ನಲ್ಲಿ ಎಷ್ಟು ಧೂಳಿದ್ರೂ ಅಷ್ಟು ಹತ್ತಿರ ಹೋಗಲ್ಲ. ಅದ್ರ ಮೇಲೆ ಅಸ್ತಮಾ ಇರೋರಿಗೆ ನಡುರಾತ್ರಿ ಕಳೆದ್ಮೇಲೆ ಶ್ವಾಸನಾಳ ತಾನಾಗೇ ಸ್ವಲ್ಪ ಕಿರಿದಾಗುತ್ತೆ, ದೇಹದ ಗಡಿಯಾರ ಹಾಗಿದೆ. ಎರಡೂ ಸೇರಿ ನಿಮ್ಮ ಎರಡು ಮೂರು ಗಂಟೆ ಕೆಮ್ಮು.

ನನ್ನ ಹತ್ರ ಬರ್ತಿದ್ದ ಒಬ್ಬ ಹುಡುಗಿಗೆ ಎಲ್ಲ ಮಾಡಿದ್ರೂ ರಾತ್ರಿ ಕೆಮ್ಮು ನಿಲ್ತಾ ಇರ್ಲಿಲ್ಲ. ಅವ್ರಮ್ಮನಿಗೆ ಫೋನಲ್ಲಿ ಹಾಸಿಗೆ ವಿಡಿಯೋ ತೆಗೆದು ತೋರ್ಸಿ ಅಂದೆ. ಮೇಲೆ ಹೊಸ ದಿಂಬು, ಬಿಳೀ ಕವರು, ನೋಡಕ್ಕೆ ಚೆನ್ನಾಗಿತ್ತು, ಅದ್ರ ಕೆಳಗೆ ಎತ್ತರಕ್ಕೆ ಅಂತ ಇನ್ನೊಂದು ದಿಂಬು ಇಟ್ಟಿದ್ರು, ಅಜ್ಜಿ ಕಾಲದ ಬೂರುಗದ ಹತ್ತಿದು. ಕವರ್ ಬಿಚ್ಚಿ ಅಂದೆ, ಬಟ್ಟೆ ಹಳದಿ ಆಗಿ ಹೊಲಿಗೆ ಬಿಟ್ಟಿತ್ತು, ಒಂದೇ ಒಂದು ಸಲ ತಟ್ಟಿದ್ರು ಅಷ್ಟೇ, ಕಿಟಕಿ ಬೆಳಕಲ್ಲಿ ಹಿಟ್ಟು ಎರಚಿದ ಹಾಗೆ ಪುಡಿ ಎದ್ದು ನಿಂತ್ಕೊಂಡ್ತು. ಬೂರುಗದ ಹತ್ತಿ ಹಳೇದಾದ್ರೆ ಪುಡಿ ಆಗುತ್ತೆ, ಅದಕ್ಕೆ ವರ್ಷಾನುಗಟ್ಟಲೆ ನುಸಿ, ಬೆವರು, ಜೊಲ್ಲು ಎಲ್ಲ ಸೇರಿರುತ್ತೆ. ಟ್ರಂಕಿಂದ ತೆಗೆದ ಹಳೇ ಕೌದಿನೂ ಹಾಗೇ. ಕೌದಿ ಬಗ್ಗೆ ನನಗೂ ಪ್ರೀತಿ ಇದೆ, ಬಿಸಾಕಿ ಅನ್ನಲ್ಲ, ಚೆನ್ನಾಗಿ ಒಗೆದು ಬಿಸಿಲಿಗೆ ಒಣಗಿಸಿ ಹೊದೆಸಿ. ಆದ್ರೆ ನುಸಿ ಗುಳಿಗೆ ಹಾಕಿ ಇಟ್ಟಿದ್ದನ್ನ ಹಾಗೇ ತೆಗೆದು ಹೊದೆಸ್ಬೇಡಿ, ಆ ವಾಸನೆಯೇ ಶ್ವಾಸಕ್ಕೆ ಕಿರಿಕಿರಿ, ಎಳೇ ಮಕ್ಕಳಲ್ಲಿ ಕೆಲವ್ರಿಗೆ ಆ ಗುಳಿಗೆಯ ರಾಸಾಯನಿಕದಿಂದ ರಕ್ತದ ಕೆಂಪುಕಣವೇ ಒಡೆಯುತ್ತೆ.

ಮಾಡ್ಬೇಕಾಗಿದ್ದು ಇಷ್ಟು. ಹಳೇ ಹತ್ತಿ ಹಾಸಿಗೆ ದಿಂಬು ಬದಲಾಯಿಸಿ, ಆಗಲ್ಲ ಅಂದ್ರೆ ಸುತ್ತ ಜಿಪ್ ಇರೋ, ಒತ್ತಾಗಿ ನೇಯ್ದ ಮೈಟ್ ಕವರ್ ಹಾಕಿ, ಸಿಕ್ಕದಿದ್ರೆ ರೆಕ್ಸಿನ್ ಕವರಾದ್ರೂ ಸರಿ. ಹೊದಿಕೆ, ಬೆಡ್‌ಶೀಟು, ದಿಂಬಿನ ಕವರು ವಾರಕ್ಕೊಂದು ಸಲ ಬಿಸಿನೀರಲ್ಲಿ ಒಗೀರಿ, ಉಗುರುಬೆಚ್ಚಗಿನ ನೀರಲ್ಲ, ಮುಟ್ಟಕ್ಕಾಗದ ಬಿಸಿ, 55-60 ಡಿಗ್ರಿ ಇದ್ರೇನೇ ನುಸಿ ಸಾಯೋದು, ತಣ್ಣೀರಲ್ಲಿ ಹಿಕ್ಕೆ ಹೋಗುತ್ತೆ ನುಸಿ ಉಳಿಯುತ್ತೆ. ಬಿಸಿಲಿದ್ದ ದಿನ ಹಾಸಿಗೆನ ಟೆರೇಸ್‌ಗೆ ಹಾಕಿ, ನಡುಹೊತ್ತಿನ ಸುಡುಬಿಸಿಲಲ್ಲಿ ಎರಡೂ ಮಗ್ಗುಲು ಕಾಯಲಿ, ನಮ್ಮ ಅಜ್ಜಿಯಂದಿರು ಮಾಡ್ತಿದ್ದಿದ್ದು ಇದನ್ನೇ, ಕೊಡವೋ ಕೆಲಸ ಮಗು ಇಲ್ಲದಿರೋ ಕಡೆ. ಮೆತ್ತನೆ ಗೊಂಬೆ ಒಂದನ್ನ ಬಿಟ್ಟು ಉಳಿದಿದ್ದು ಮಂಚದಿಂದ ಆಚೆ, ಆ ಒಂದನ್ನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಫ್ರೀಜರಲ್ಲಿ ಒಂದು ದಿನ ಪೂರ್ತಿ ಇಟ್ಟು ಆಮೇಲೆ ಒಗೀರಿ. ಇಂಗ್ಲೆಂಡಲ್ಲಿ ನುಸಿ ಅಲರ್ಜಿ ಇರೋ ಅಸ್ತಮಾ ಮಕ್ಕಳಿಗೆ ಈ ಥರ ಹಾಸಿಗೆ ಕವರ್ ಕೊಟ್ಟು ಒಂದು ವರ್ಷ ನೋಡಿದ್ರು, 2017ರಲ್ಲಿ ಪ್ರಕಟ ಆಯ್ತು. ಸಾದಾ ಕವರ್ ಕೊಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 41 ಮಂದಿ ಅಟ್ಯಾಕ್ ಆಗಿ ಆಸ್ಪತ್ರೆ ಎಮರ್ಜೆನ್ಸಿಗೆ ಬಂದ್ರೆ, ಮೈಟ್ ಕವರ್ ಇದ್ದೋರಲ್ಲಿ ಸುಮಾರು 29. ಆದ್ರೆ ದೊಡ್ಡೋರ ಮೇಲೆ ಮಾಡಿದ ಪರೀಕ್ಷೆಗಳಲ್ಲಿ ಬರೀ ಕವರಿಂದ ಅಂಥ ಲಾಭ ಕಾಣಲಿಲ್ಲ, ಅದನ್ನೂ ಹೇಳ್ಬೇಕು. ಹಾಗಾಗಿ ಕವರ್ ಒಂದನ್ನೇ ನಂಬ್ಕೊಂಡು ಕೂರಬೇಡಿ.

ಹೊಗೆ. ಇದು ನಿಮ್ಮ ಮನೇಲಿ ಇವತ್ತು ರಾತ್ರಿಯೇ ನಿಲ್ಲಿಸ್ಬೋದಾದ ವಿಷ್ಯ, ನಿಲ್ಲಿಸಿ. ಒಂದು ಸೊಳ್ಳೆ ಕಾಯಿಲ್ ಪೂರ್ತಿ ಉರಿದ್ರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಗಾಳಿಗೆ ಬಿಡುತ್ತೆ ಅಂತ 2003ರಲ್ಲೇ ಅಳೆದು ತೋರಿಸಿದಾರೆ. ಮನೇಲಿ ಯಾರೂ ಬೀಡಿ ಸಿಗರೇಟು ಮುಟ್ಟಲ್ಲ ಡಾಕ್ಟ್ರೇ ಅಂತ ಹೇಳೋ ತಾಯಿ, ಮಂಚದ ಕೆಳಗೆ ಕಾಯಿಲ್ ಇಟ್ಟು ಬಾಗಿಲು ಹಾಕಿ ಮಲಗಿಸ್ತಾರೆ, ಗೊತ್ತಿಲ್ಲದೆ. ಕಾಯಿಲ್ ಬದ್ಲು ಸೊಳ್ಳೆ ಪರದೆ, ಕಿಟಕಿಗೆ ಮೆಶ್, ಸಂಜೆ ಐದೂವರೆಗೆ ಕಿಟಕಿ ಹಾಕಿ ಸೊಳ್ಳೆ ಒಳಗೆ ಬರೋ ಹೊತ್ತು ಕಳೆದ್ಮೇಲೆ ತೆಗೀರಿ. ಪ್ಲಗ್‌ಗೆ ಹಾಕೋ ಲಿಕ್ವಿಡ್‌ನಲ್ಲಿ ಹೊಗೆ ಇಲ್ಲ, ಆದ್ರೂ ಅದ್ರ ಆವಿ ಕೆಲವು ಮಕ್ಕಳಿಗೆ ಆಗಲ್ಲ, ತಲೆ ಹತ್ರದ ಪ್ಲಗ್ಗಲ್ಲಿ ಬೇಡ. ಡೆಂಗಿ ಇರೋ ಊರಲ್ಲಿ ಸೊಳ್ಳೆ ಕಚ್ಚಿದ್ರೆ ಕಚ್ಲಿ ಬಿಡಿ ಅಂತ ನಾನು ಹೇಳಕ್ಕಾಗಲ್ಲ, ಹಾಗಾಗಿ ಪರದೆ.

ದೇವರ ಮನೆ ಊದುಬತ್ತಿ ಬಗ್ಗೆ ಮಾತಾಡೋದು ಸೂಕ್ಷ್ಮ. ನಾನು ಪೂಜೆ ಬಿಡಿ ಅನ್ನಲ್ಲ, ನಮ್ಮ ಮನೇಲೂ ದಿನಾ ದೀಪ ಹಚ್ತೀವಿ. ಆದ್ರೆ ಮಗುವಿಗೆ ದಮ್ಮು ಇರೋ ಮನೇಲಿ ಊದುಬತ್ತಿ, ಧೂಪ, ಕರ್ಪೂರದ ಹೊಗೆ ಮುಚ್ಚಿದ ಕೋಣೇಲಿ ಬೇಡ. ಹೂವು, ದೀಪ, ಗಂಟೆ ಸಾಕು, ಹಬ್ಬದ ದಿನ ಹಚ್ಚಲೇಬೇಕು ಅಂದ್ರೆ ಬಾಗಿಲು ಕಿಟಕಿ ತೆಗೆದು ಮಗುನ ಆಚೆ ಕಳಿಸಿ. ಬಾಣಂತಿ ಮನೇಲಿ ಮಗುವಿಗೆ ಎಣ್ಣೆ ನೀರು ಹಾಕಿ ಸಾಂಬ್ರಾಣಿ ಹೊಗೆ ಮೇಲೆ ಹಿಡಿದು ಕೂದಲು ಒಣಗಿಸ್ತಾರಲ್ಲ, ಅದನ್ನಂತೂ ದಯವಿಟ್ಟು ಬಿಡಿ, ಎಳೇ ಶ್ವಾಸಕೋಶಕ್ಕೆ ಅದು ತಡ್ಕೊಳ್ಳಕ್ಕಾಗಲ್ಲ, ಟವೆಲ್ಲಲ್ಲಿ ಒರೆಸಿದ್ರೆ ಕೂದಲು ಒಣಗುತ್ತೆ. ಮಲೆನಾಡಿನ ಕಡೆ ಗ್ಯಾಸ್ ಬಂದು ಎಷ್ಟೋ ವರ್ಷ ಆಗಿದ್ರೂ ಬಚ್ಚಲ ಹಂಡೆಗೆ ಸೌದೆನೇ, ಅದನ್ನ ಹತ್ತಿಸಕ್ಕೆ ಪ್ಲಾಸ್ಟಿಕ್ ಕವರು. ಆ ಹೊಗೆ ನೇರ ಒಳಗೆ ಬರುತ್ತೆ, ನಿಮ್ಮ ಊರಲ್ಲೂ ಹಾಗಿದ್ಯಾ ಅಂತ ಹೋದಾಗ ಗಮನಿಸಿ. ಇನ್ನು ಅಡುಗೆಮನೆ, ಗ್ಯಾಸ್ ಒಲೆಲೂ ಶ್ವಾಸನಾಳ ಕೆಣಕೋ ನೈಟ್ರೋಜನ್ ಡೈಆಕ್ಸೈಡ್ ಬರುತ್ತೆ, ಒಣಮೆಣಸಿನಕಾಯಿ ಒಗ್ಗರಣೆ ಘಾಟಿಗೆ ದೊಡ್ಡೋರೇ ಕೆಮ್ತೀವಿ, ಎಕ್ಸಾಸ್ಟ್ ಫ್ಯಾನು ಹಾಕ್ಕೊಂಡೇ ಅಡುಗೆ ಮಾಡಿ. ಮನೇಲಿ ಯಾರಾದ್ರೂ ಸೇದೋರಿದ್ರೆ ಬಾಲ್ಕನಿಗೆ ಹೋಗಿ ಸೇದಿದ್ರೂ ಅಂಗಿ, ಕೂದಲಲ್ಲಿ ಹೊಗೆ ಅಂಟ್ಕೊಂಡೇ ಬರುತ್ತೆ, ಆಮೇಲೆ ಮಗುನ ಎತ್ಕೊಳ್ತಾರೆ.

ಗೋಡೆ. ಆ ಕಪ್ಪು ಬೂಷ್ಟು. ಒದ್ದೆ ಮತ್ತು ಬೂಷ್ಟು ಇರೋ ಮನೆಗಳಲ್ಲಿ ಕೆಮ್ಮು, ಸುಯ್ ಶಬ್ದ, ಅಸ್ತಮಾ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇದಕ್ಕೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಮೇಲೆ ಪೇಂಟ್ ಹೊಡೆಸಿದ್ರೆ ಎರಡು ಮಳೆಗಾಲ ಕಾಣಲ್ಲ ಅಷ್ಟೇ, ಒಳಗೆ ನೀರು ಬರ್ತಾನೇ ಇರುತ್ತೆ. ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕಿ, ಆ ಗೋಡೆ ಹಿಂದೆ ಬಾತ್‌ರೂಮ್ ಪೈಪ್ ಇದ್ಯಾ, ಹೊರಗಡೆ ಸಂಪಿದೆಯಾ, ಪಕ್ಕದ ಮನೆ ಗೋಡೆಗೆ ಅಂಟ್ಕೊಂಡು ಮಳೆನೀರು ಇಳಿಯುತ್ತಾ. ಒದ್ದೆ ನೆಲದಿಂದ ಒಂದೆರಡು ಅಡಿ ತನಕ ಮಾತ್ರ ಇದ್ರೆ ತಳಪಾಯದಿಂದ ಏರ್ತಿರೋದು, ಮೇಲಿಂದ ಇಳೀತಿದ್ರೆ ಸೂರು ಅಥವಾ ಪೈಪು. ಈ ರಿಪೇರಿ ಮನೆ ಓನರ್ ಮಾಡ್ಬೇಕು, ಫೋಟೋ ತೆಗೆದು ತಾರೀಖು ಸಮೇತ ಕಳಿಸಿ ಕೇಳಿ, ಡಾಕ್ಟ್ರ ಹತ್ರ ಒಂದು ಚೀಟಿ ಬರೆಸ್ಕೊಂಡು ಹೋದ್ರೆ ಎಷ್ಟೋ ಸಲ ಕೆಲಸ ಆಗುತ್ತೆ, ನಾನು ಬರ್ಕೊಟ್ಟಿದೀನಿ. ಅಲ್ಲಿವರೆಗೆ ಮಂಚನ ಆ ಗೋಡೆಯಿಂದ ದೂರ ಎಳೀರಿ, ಬೀರು ಗೋಡೆಗೆ ತಾಗ್ದಂಗೆ ಒಂದು ಗೇಣು ಬಿಡಿ, ಆಗೋದಾದ್ರೆ ಮಗು ಬೇರೆ ರೂಮಲ್ಲಿ ಮಲಗ್ಲಿ. ಮಳೆಗಾಲದಲ್ಲಿ ಒದ್ದೆ ಬಟ್ಟೆನ ಅದೇ ರೂಮಲ್ಲಿ ಒಣಗ್ಹಾಕ್ತೀವಲ್ಲ, ಅದ್ರ ನೀರೆಲ್ಲ ಗಾಳಿಗೇ, ಗಾಳಿಯಿಂದ ಹಾಸಿಗೆಗೆ, ಅಲ್ಲಿಂದ ನುಸಿಗೆ. ಬೂಷ್ಟು ಒರೆಸೋ ದಿನ ಮಗು ಮನೇಲಿರಬಾರ್ದು, ಒದ್ದೆ ಬಟ್ಟೆಲಿ ಸೋಪು ನೀರು ಹಾಕಿ ಒರೆಸಿ, ಒಣ ಬ್ರಶ್ಶಲ್ಲಿ ಕೆರೀಬೇಡಿ.

ಪೊರಕೆ ವಿಷ್ಯ ಹೇಳ್ತೀನಿ ಅಂದಿದ್ದೆ. ಒಣ ಪೊರಕೆ ಧೂಳನ್ನ ತೆಗೆಯೋದಕ್ಕಿಂತ ಎಬ್ಬಿಸೋದೇ ಹೆಚ್ಚು. ಎರಡು ಸಲ ಗುಡಿಸೋ ಬದ್ಲು ಒಂದೇ ಸಲ, ಅವನು ಸ್ಕೂಲಿಗೆ ಹೋದ್ಮೇಲೆ, ಗುಡಿಸಿ ಒದ್ದೆ ಬಟ್ಟೆಲಿ ಒರೆಸಿ. ಯುಗಾದಿ, ದೀಪಾವಳಿ ಮುಂಚೆ ಅಟ್ಟ ಇಳಿಸಿ ಧೂಳು ಹೊಡೀತೀವಲ್ಲ, ಅದ್ರ ಮಾರನೇ ದಿನ ನನ್ನ ಹತ್ರ ಮಕ್ಕಳು ನೆಬ್ಯುಲೈಸ್ ಮಾಡಿಸ್ಕೊಳಕ್ಕೆ, ಅಂದ್ರೆ ಮಾಸ್ಕ್ ಹಾಕಿ ಔಷಧಿನ ಮಂಜಿನ ಥರ ಉಸಿರಲ್ಲಿ ಎಳ್ಕೊಳ್ಳಕ್ಕೆ, ಬರೋದು ಪ್ರತಿವರ್ಷದ ಮಾತು. ಜಿರಳೆನೂ ಸಣ್ಣ ವಿಷ್ಯ ಅಲ್ಲ. ಅಮೆರಿಕದ ಬಡ ಬಡಾವಣೆಗಳ ಮಕ್ಕಳ ಮೇಲೆ 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಿರಳೆ ಅಲರ್ಜಿನೂ ಇದ್ದು ಮಲಗೋ ಕೋಣೇಲಿ ಜಿರಳೆ ಅಂಶನೂ ಜಾಸ್ತಿ ಇದ್ದ ಮಕ್ಕಳು ಉಳಿದವ್ರಿಗಿಂತ ಮೂರು ಪಟ್ಟಿಗೂ ಹೆಚ್ಚು ಸಲ ಅಸ್ತಮಾಗೆ ಅಂತ ಆಸ್ಪತ್ರೆ ಸೇರಿದ್ರು. ಸ್ಪ್ರೇ ಹೊಡೀಬೇಡಿ, ಅದೇ ದಮ್ಮು ತರಿಸುತ್ತೆ, ಮೂಲೆ ಮೂಲೆಗೆ ಚುಕ್ಕೆ ಇಡೋ ಜೆಲ್ ಸಿಗುತ್ತೆ, ಅದನ್ನ ಇಡಿ, ಸಿಂಕ್ ಕೆಳಗೆ ಒಣಗಿರ್ಲಿ, ಮುಸುರೆ ಪಾತ್ರೆ ರಾತ್ರಿ ಉಳಿಸ್ಬೇಡಿ.

ಏರ್ ಪ್ಯೂರಿಫೈಯರ್ ಕೇಳಿದ್ರಿ. ನುಸಿಯ ಹಿಕ್ಕೆ ಭಾರ, ಹಾಸಿಗೆ ಕೊಡವಿದಾಗ ಮಾತ್ರ ಏಳುತ್ತೆ, ಸ್ವಲ್ಪ ಹೊತ್ತಲ್ಲೇ ಕೂತ್ಬಿಡುತ್ತೆ, ಮೂಲೇಲಿ ನಿಂತ ಮೆಷೀನಿಗೆ ಅದು ಸಿಗೋದೇ ಇಲ್ಲ. ಹೊಗೆ, ಬೆಕ್ಕಿನ ಅಲರ್ಜಿ ಇಂಥದ್ದಕ್ಕೆ ಹೆಪಾ ಅನ್ನೋ, ತೀರಾ ಸಣ್ಣ ಕಣ ಹಿಡಿಯೋ ಫಿಲ್ಟರ್ ಇರೋದು ಸ್ವಲ್ಪ ಉಪಯೋಗ. ಹೊಗೆ ಮನೆ ಒಳಗೇ ಹಚ್ಚಿ ಅದನ್ನ ತೆಗೆಯಕ್ಕೆ ಹದಿನೈದು ಸಾವಿರ ಕೊಡೋದಕ್ಕಿಂತ ಆ ದುಡ್ಡಲ್ಲಿ ಹಾಸಿಗೆ, ಕವರು, ಪರದೆ, ಮೆಶ್ ಮಾಡಿಸಿ ಅಂತ ನನ್ನ ಅಭಿಪ್ರಾಯ. ಓಝೋನ್ ಅನ್ನೋ, ಶ್ವಾಸನಾಳ ಕೆರಳಿಸೋ ಅನಿಲ ಬಿಡೋ ಮೆಷೀನಂತೂ ಬೇಡವೇ ಬೇಡ. ಹಾಗೇ, ನೂರಿನ್ನೂರು ತಿಂಡಿ ಪದಾರ್ಥದ ಹೆಸರಿರೋ ರಕ್ತಪರೀಕ್ಷೆ ಪ್ಯಾಕೇಜ್ ನೋಡಿ ಮೊಸರು, ಬಾಳೆಹಣ್ಣು, ಕಡಲೆಕಾಯಿ ಎಲ್ಲ ಬಿಡಿಸ್ಬೇಡಿ. ನುಸಿ, ಜಿರಳೆ, ಬೂಷ್ಟು, ಪರಾಗ ಇವಕ್ಕೆ ಕೈ ಮೇಲೆ ಚುಚ್ಚಿ ನೋಡೋ ಪರೀಕ್ಷೆ ಇದೆ, ತಿಳಿದವ್ರ ಹತ್ರ ಮಾಡಿಸಿದ್ರೆ ಯಾವುದ್ರ ಮೇಲೆ ಕೈ ಇಡ್ಬೇಕು ಅಂತ ಗೊತ್ತಾಗುತ್ತೆ. ಪಕ್ಕದ ಖಾಲಿ ಸೈಟಲ್ಲಿ ಕಾಂಗ್ರೆಸ್ ಗಿಡ ತುಂಬ್ಕೊಂಡಿದ್ರೆ ಅದನ್ನೂ ಡಾಕ್ಟ್ರಿಗೆ ಹೇಳಿ.

ಹಳ್ಳೀಲೇ ಬೆಳೆಸಿದ್ರೆ ಬರ್ತಾನೇ ಇರ್ಲಿಲ್ವೇನೋ ಅಂತ ನಿಮ್ಮ ಮನೇಲಿ ಯಾರಾದ್ರೂ ಅಂದೇ ಇರ್ತಾರೆ. ಅದ್ರಲ್ಲಿ ಸತ್ಯ ಇದೆ. ಅಮೆರಿಕದಲ್ಲಿ ಆಮಿಶ್, ಹಟರೈಟ್ ಅಂತ ಎರಡು ಕೃಷಿಕ ಸಮುದಾಯ, ವಂಶ ಊಟ ಎಲ್ಲ ಹೆಚ್ಚುಕಮ್ಮಿ ಒಂದೇ ಥರ, ಆಮಿಶರದ್ದು ಮನೆ ಪಕ್ಕದಲ್ಲೇ ಕೊಟ್ಟಿಗೆ, ಹಟರೈಟರದ್ದು ಊರಾಚೆ ಯಂತ್ರದ ದೊಡ್ಡ ಫಾರಮ್ಮು. 2016ರ ಅಧ್ಯಯನದಲ್ಲಿ ಶಾಲೆ ಮಕ್ಕಳ ಅಸ್ತಮಾ ಆಮಿಶರಲ್ಲಿ ಶೇಕಡಾ 5, ಹಟರೈಟರಲ್ಲಿ 21. ಕೊಟ್ಟಿಗೆ ಧೂಳಿನ ಸೂಕ್ಷ್ಮಜೀವಿಗಳು ಎಳವೆಯಲ್ಲೇ ಮೈಗೆ ಪಾಠ ಹೇಳ್ತವೆ. ಬೆಂಗ್ಳೂರಲ್ಲಿ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವ್ರು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟು, 1979ರಲ್ಲಿ ಶೇಕಡಾ 9 ಇದ್ದ ಅಸ್ತಮಾ 1999ಕ್ಕೆ 29.5 ಆಯ್ತು ಅಂತ ತೋರಿಸಿದ್ರು, ಅದು ಇಡೀ ಊರಿನ ಲೆಕ್ಕ ಅಲ್ಲದಿದ್ರೂ ಇಪ್ಪತ್ತು ವರ್ಷದಲ್ಲಿ ಊರಿನ ಬದುಕು ಹೇಗೆ ಬದಲಾಯ್ತು ಅನ್ನೋದಕ್ಕೆ ಕನ್ನಡಿ. ಆದ್ರೆ ಬರದ ಹಾಗೆ ತಡೆಯೋದು ಬೇರೆ, ಬಂದ್ಮೇಲೆ ನೋಡ್ಕೊಳ್ಳೋದು ಬೇರೆ. ಈಗ ಅವನನ್ನ ಕೊಟ್ಟಿಗೇಲಿ ಮಲಗಿಸಿದ್ರೆ ಹೋಗಲ್ಲ, ಹೊಟ್ಟಿನ ಧೂಳಿಗೆ ಇನ್ನೂ ಜಾಸ್ತಿ ಆಗ್ಬೋದು.

ಇನ್ಹೇಲರ್ ನೀವಾಗೇ ನಿಲ್ಲಿಸ್ಬೇಡಿ, ಇದನ್ನ ಕೈ ಮುಗಿದು ಹೇಳ್ತೀನಿ. ದಿನಾ ತಗೊಳೋದು ನಾಳದ ಊತ ಇಳಿಸುತ್ತೆ, ಆ ಕೆಲಸ ಕವರು ಪರದೆ ಮಾಡಲ್ಲ. ಅಭ್ಯಾಸ ಆಗ್ಬಿಡುತ್ತೆ ಅನ್ನೋ ಭಯ ಬೇಡ. ದಮ್ಮು ಬಂದಾಗ ಕೊಡೋ ಸಾಲ್ಬುಟಮಾಲ್ ಒಂದು ಪಫ್ ಅಂದ್ರೆ 100 ಮೈಕ್ರೋಗ್ರಾಮ್, ಅದೇ ಔಷಧಿ ಸಿರಪ್ಪಲ್ಲಿ 2 ಮಿಲಿಗ್ರಾಮ್ ಅಂದ್ರೆ ಇಪ್ಪತ್ತು ಪಟ್ಟು ಹೊಟ್ಟೆಗೆ ಹೋಗುತ್ತೆ, ಆದ್ರೂ ನಮ್ಮೋರಿಗೆ ಸಿರಪ್ ಅಂದ್ರೆ ಧೈರ್ಯ ಇನ್ಹೇಲರ್ ಅಂದ್ರೆ ಹೆದರಿಕೆ. ಸ್ಪೇಸರ್, ಅಂದ್ರೆ ಇನ್ಹೇಲರ್ ಬಾಯಿಗೆ ಸಿಕ್ಕಿಸೋ ಪ್ಲಾಸ್ಟಿಕ್ ಕೊಳವೆ, ಹಾಕಿ ಕೊಡಿ, ದಿನದ ಇನ್ಹೇಲರ್ ಆದ್ಮೇಲೆ ಬಾಯಿ ಮುಕ್ಕಳಿಸ್ಲಿ. ಮೃಗಶಿರ ಮಳೆಗೆ ಹೈದ್ರಾಬಾದಿಗೆ, ದಮ್ಮಿಗೆ ಅಂತ ಜೀವಂತ ಮೀನು ನುಂಗಿಸೋ ಮೀನಿನ ಔಷಧಿಗೆ ಹೋಗಿಬಂದು ಇನ್ಹೇಲರ್ ಬಿಟ್ಟು, ಜೂನ್ ಕೊನೆಗೆ ಆಕ್ಸಿಜನ್ ಹಾಕಿಸ್ಕೊಂಡ ಮಕ್ಕಳನ್ನ ನೋಡಿದೀನಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಮನೆ ಸರಿಯಾಗಿ ಎರಡು ಮೂರು ತಿಂಗ್ಳು ರಾತ್ರಿ ಕೆಮ್ಮಿಲ್ಲದೆ ಕಳೆದ್ರೆ ನಿಮ್ಮ ಡಾಕ್ಟ್ರೇ ಡೋಸ್ ಇಳಿಸ್ತಾರೆ. ಉಸಿರು ಎಳೆಯೋವಾಗ ಪಕ್ಕೆ ಒಳಗೆ ಹೋಗ್ತಿದ್ರೆ, ಒಂದು ವಾಕ್ಯ ಪೂರ್ತಿ ಹೇಳಕ್ಕಾಗ್ತಿಲ್ಲ ಅಂದ್ರೆ, ತುಟಿ ನೀಲಿಗಟ್ಟಿದ್ರೆ, ಪಫ್ ಕೊಡ್ತಾನೇ ಆಸ್ಪತ್ರೆಗೆ ಹೊರಡಿ, ಬೆಳಗಾಗ್ಲಿ ಅಂತ ಕಾಯ್ಬೇಡಿ.

ಮನೆ ಬದಲಾಯಿಸೋ ಮಾತು. ಮೊದ್ಲು ಹಾಸಿಗೆ, ಕಾಯಿಲ್, ಮಂಚದ ಜಾಗ ಇಷ್ಟು ಬದಲಾಯಿಸಿ, ರಾತ್ರಿ ಎಷ್ಟು ಸಲ ಎದ್ದ ಅಂತ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಳ್ಳಿ, ಮೂರು ತಿಂಗ್ಳು ನೋಡಿ. ಓನರ್ ಗೋಡೆ ಸರಿ ಮಾಡಿಸಲ್ಲ, ಒದ್ದೆ ಹೆಚ್ತಾನೇ ಇದೆ ಅಂದ್ರೆ ಆಗ ಬಿಡೋದೇ ಸರಿ, ಮೇಲಿನ ಫ್ಲೋರು, ಎರಡು ಕಡೆ ಕಿಟಕಿ, ಮಲಗೋ ರೂಮಿಗೆ ಬಿಸಿಲು ಬೀಳೋ ಮನೆ ನೋಡಿ. ಮನೆ ನೋಡಕ್ಕೆ ಮಳೆ ಬಂದ ಮಾರನೇ ದಿನ ಹೋಗಿ, ಗೋಡೆಯೊಳಗಿನ ಬೀರು ಬಾಗಿಲು ತೆಗೆದು ಮೂಗು ಒಳಗಿಟ್ಟು ವಾಸನೆ ನೋಡಿ, ಹೊಸ ಪೇಂಟ್ ಹೊಡೆದಿದ್ರೂ ಅಲ್ಲಿ ಗೊತ್ತಾಗಿಬಿಡುತ್ತೆ. ಸಾಮಾನು ಸಾಗಿಸೋ ದಿನ ಧೂಳು ವಿಪರೀತ ಇರುತ್ತೆ, ಅವನು ಅವತ್ತು ನೆಂಟರ ಮನೇಲಿರ್ಲಿ, ಇನ್ಹೇಲರ್ ಮತ್ತೆ ಸ್ಪೇಸರ್ ಲಾರಿ ಡಬ್ಬದೊಳಗೆ ಹೋಗದ ಹಾಗೆ ಬೇರೆ ಇಟ್ಕೊಂಡು ಅವನ ಜೊತೇಲೇ ಕಳಿಸಿ.